‘ಗುಳೆ ಹೋಗ್ಯಾನ್ರಿ ಸರ’

ಸುರಪುರದಿಂದ ನೀವು ಕಳಿಸಿದ ‘ಇಲ್ಲದವರ ಹೆಸರುಗಳು’ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಹನ್ನೊಂದು ಪುಟದಲ್ಲಿ ಐದು ಪುಟ ಪೋರ್ಚುಗೀಸರ ‘ಸೌದಾದೆ’, ವೇಲ್ಸ್‌ನವರ ‘ಹಿರೈಥ್’ ಇವಕ್ಕೇ ಹೋಗಿದೆ. ದೂರವಾದವರ ಹಂಬಲ, ಬೇರೆ ಭಾಷೆಗೆ ತರಲಾಗದ ಮಾತು ಅಂತ ಬರೆದಿದ್ದೀರಿ. ಎಲ್ಲರೂ ಹಾಗೇ ಬರೆಯುತ್ತಾರೆ. ಆ ಪದಗಳನ್ನು ನೀವು ಯಾರ ಬಾಯಿಂದಲೂ ಕೇಳಿಲ್ಲ, ಓದುವಾಗ ಅದು ಗೊತ್ತಾಗುತ್ತದೆ. ಪೂರ್ತಿ ತೆಗೆಯಿರಿ.

ತೀರಿಕೊಂಡವರ ಭಾಗ ಪರವಾಗಿಲ್ಲ. ಆದರೆ ಮರ್ಹೂಮ್ ಅಂದರೆ ‘ಸತ್ತವನು’ ಅಂತಷ್ಟೇ ಹೇಳಿ ಮುಂದೆ ಹೋಗಿದ್ದೀರಿ. ಅದರೊಳಗೆ ರಹಮ್ ಇದೆ. ಕರುಣೆ ಪಡೆದವನು ಅಂತ ಅರ್ಥ. ನಮ್ಮ ಕೀರ್ತಿಶೇಷದಲ್ಲಿ ಹೆಸರೊಂದು ಉಳಿಯುತ್ತದೆ. ಲಿಂಗೈಕ್ಯ ಅಂದರೆ ಹೋದದ್ದೇ ಅಲ್ಲ, ಕೂಡಿದ್ದು. ಸೂಫಿ ಸಂತ ಬಂದೇನವಾಜರು ತೀರಿಕೊಂಡದ್ದು 1422ರಲ್ಲಿ. ಆ ನೆನಪಿಗೆ ಕಲಬುರಗಿಯಲ್ಲಿ ಇವತ್ತಿಗೂ ಪ್ರತಿವರ್ಷ ಉರುಸ್ ನಡೆಯುತ್ತದೆ. ಉರುಸ್ ಎಂಬ ಅರಬ್ಬಿ ಪದಕ್ಕೆ ಮೂಲ ಅರ್ಥ ಮದುವೆ! ಅದನ್ನು ಲಿಂಗೈಕ್ಯದ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಊರಿನಲ್ಲಿವೆ, ನೀವು ಸುಮ್ನೆ ಪೋರ್ಚುಗಲ್‌ವರೆಗೆ ಹೋದಿರಿ.

ಒಂದು ತಪ್ಪೂ ಇದೆ. ಗೈರು, ಗಾಯಬ್ ಎರಡಕ್ಕೂ ಮೂಲ ಒಂದೇ ಅಂದಿದ್ದೀರಿ. ಅಲ್ಲ. ಗಾಯಬ್ ಅಂದರೆ ಕಣ್ಣಿಗೆ ಕಾಣದವನು. ಅರಬ್ಬಿ ವ್ಯಾಕರಣದಲ್ಲಿ ‘ಅವನು’, ‘ಅವಳು’ಗಳ ಪುರುಷಕ್ಕೆ ಹೆಸರೇ ಅದು. ಎದುರಿಗೆ ಇಲ್ಲದವನನ್ನೇ ಅಲ್ವಾ ನಾವು ‘ಅವನು’ ಅನ್ನುವುದು? ಗೈರು ಬೇರೆ. ಅದು ‘ಅಲ್ಲದ’, ‘ಬೇರೆಯ’. ಗೈರುಹಾಜರು ಅಂದರೆ ಹಾಜರಲ್ಲದವನು. ನಾವು ಬಾಲ ಕತ್ತರಿಸಿ ಬರೀ ಗೈರು ಅನ್ನುತ್ತೇವೆ. ಉರ್ದುವಿನಲ್ಲಿ ಬರೀ ಗೈರ್ ಅಂದರೆ ಪರಕೀಯ, ನಮ್ಮವನಲ್ಲದವನು.

ಈಗ ನಿಮ್ಮ ಒಂಬತ್ತನೇ ಪುಟಕ್ಕೆ ಬನ್ನಿ. ಮಾಸ್ತರರು ಹಾಜರಿ ಕರೆಯುತ್ತಾರೆ. ಒಂದು ಹೆಸರಿಗೆ ಉತ್ತರವಿಲ್ಲ. ಹಿಂದಿನಿಂದ ಒಬ್ಬ ಹುಡುಗಿ ‘ಗುಳೆ ಹೋಗ್ಯಾನ್ರಿ ಸರ’ ಅನ್ನುತ್ತಾಳೆ. ಅವರು ‘ಗೈರು’ ಅಂತ ಬರೆದುಕೊಂಡು ಮುಂದಿನ ಹೆಸರು ಕರೆಯುತ್ತಾರೆ. ರಿಜಿಸ್ಟರಿನಲ್ಲಿ ಒಂದು ಪದ, ಹುಡುಗಿಯ ಬಾಯಲ್ಲಿ ಇನ್ನೊಂದು. ಅವಳ ಪದದಲ್ಲಿ ಬೆಂಗಳೂರಿನ ತಗಡಿನ ಶೆಡ್ಡಿದೆ, ಅಪ್ಪ ಅವ್ವ ಹೊರುವ ಇಟ್ಟಿಗೆ ಇದೆ, ಬಿತ್ತನೆ ಹೊತ್ತಿಗೆ ವಾಪಸ್ ಬರುವುದೂ ಇದೆ. ನಿಮ್ಮ ಪ್ರಬಂಧ ಶುರುವಾಗಬೇಕಾದದ್ದು ಇಲ್ಲಿಂದ. ಅದರ ಕೆಳಗೆ ‘ಅನುಪಸ್ಥಿತಿಯೂ ಒಂದು ಉಪಸ್ಥಿತಿಯೇ’ ಅಂತ ಸೇರಿಸಿದ್ದೀರಲ್ಲ, ಅದನ್ನು ಹೊಡೆದುಹಾಕಿ.

ಆ ಹುಡುಗನ ಮನೆಗೆ ಬೀಗವೋ, ಅಜ್ಜಿ ಇದ್ದಾಳೋ? ಮಳೆ ಬಿದ್ದ ಮೇಲೆ ಬಂದನೇ? ಬಂದ ದಿನ ಹಾಜರಿ ಕರೆದಾಗ ಏನಂದ? ನಾಲ್ಕು ಪುಟ ಸಾಕು. ಹುಡುಗನ ಹೆಸರು ಬದಲಿಸಿ ಕಳಿಸಿ.