ಎಲ್ಲ ವಿಭಾಗಕ್ಕೂ ಒಂದೇ ಪದ್ಧತಿ ತಂದರೆ ಏನಾಗುತ್ತದೆ?

ಉತ್ಪಾದನೆ, ಡಿಸೈನ್, ಗ್ರಾಹಕ ಸೇವೆ ಮೂರಕ್ಕೂ ಒಂದೇ ಬಗೆಯ ಅನುಮತಿ, ಒಂದೇ ದಿನದ ರಿಪೋರ್ಟ್, ಒಂದೇ ಅಧಿಕಾರದ ಏಣಿ ತರಲು ಹೊರಟಿದ್ದಾರೆ, ಕೆಲಸದ ರೀತಿಗೂ ಸಂಸ್ಥೆಯ ವ್ಯವಸ್ಥೆಗೂ ನಿಜಕ್ಕೂ ಅಷ್ಟು ಸಂಬಂಧ ಇದೆಯಾ ಎಂದು ಕೇಳಿದ್ದೀರಿ.

ಇದೆ. ನಿಮ್ಮ ಮ್ಯಾನೇಜ್‌ಮೆಂಟ್ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ನಾನು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಪ್ಲಾನಿಂಗ್ ನೋಡಿಕೊಂಡವನು. ಹಾಗಾಗಿ ಉದಾಹರಣೆಗಳು ಆ ಕಡೆಗೇ ವಾಲುತ್ತವೆ.

ಈ ವಿಷಯದಲ್ಲಿ ಮೊದಲು ಗಟ್ಟಿಯಾದ ಪುರಾವೆ ಕೊಟ್ಟವರಲ್ಲಿ ಬ್ರಿಟಿಷ್ ಸಂಶೋಧಕಿ ಜೋನ್ ವುಡ್‌ವರ್ಡ್ ಒಬ್ಬರು. 1950ರ ದಶಕದಲ್ಲಿ ಇಂಗ್ಲೆಂಡಿನ ಸೌತ್ ಎಸೆಕ್ಸ್‌ನಲ್ಲಿ ಅವರ ತಂಡ 100 ಉತ್ಪಾದನಾ ಸಂಸ್ಥೆಗಳನ್ನು ನೋಡಿತು. ಎಷ್ಟು ಹಂತ ಇರಬೇಕು, ಒಬ್ಬನ ಕೈಕೆಳಗೆ ಎಷ್ಟು ಜನ ಇರಬೇಕು ಎಂಬ ಆಗಿನ ನಿಯಮಗಳನ್ನು ಪಾಲಿಸಿದವರೇ ಗೆದ್ದಿದ್ದಾರಾ? ಹಾಗೇನೂ ಕಾಣಲಿಲ್ಲ. ಆಮೇಲೆ ಉತ್ಪಾದನೆಯ ರೀತಿಯ ಪ್ರಕಾರ ಸಂಸ್ಥೆಗಳನ್ನು ಬೇರೆ ಮಾಡಿ ನೋಡಿದರು. ಆರ್ಡರ್ ಬಂದಂತೆ ಒಂದೊಂದಾಗಿ ಮಾಡುವವರು, ಒಂದೇ ವಸ್ತುವನ್ನು ರಾಶಿಗಟ್ಟಲೆ ಮಾಡುವವರು, ತೈಲ ಶುದ್ಧೀಕರಣದ ಹಾಗೆ ನಿಲ್ಲದೆ ಹರಿಯುವ ಪ್ರಕ್ರಿಯೆಯವರು. ಆಗ ಚಿತ್ರ ಸ್ಪಷ್ಟವಾಯಿತು. ಒಬ್ಬ ಸೂಪರ್‌ವೈಸರ್ ಕೈಕೆಳಗೆ ಸರಾಸರಿ ಮೊದಲ ಗುಂಪಿನಲ್ಲಿ 23 ಜನ, ಎರಡನೆಯದರಲ್ಲಿ 48, ಮೂರನೆಯದರಲ್ಲಿ 15. ಚೆನ್ನಾಗಿ ನಡೆಯುತ್ತಿದ್ದ ಸಂಸ್ಥೆಗಳು ತಮ್ಮ ಗುಂಪಿನ ಮಧ್ಯದ ಅಂಕಿಗೆ ಹತ್ತಿರ ಇದ್ದವು.

48 ಯಾಕೆ ಅಂದರೆ, ರಾಶಿ ಉತ್ಪಾದನೆಯಲ್ಲಿ ಏನು ಮಾಡಬೇಕು ಅನ್ನುವುದು ಮೊದಲೇ ಲೈನ್‌ನಲ್ಲಿ, ಯಂತ್ರದಲ್ಲಿ, ಡ್ರಾಯಿಂಗ್‌ನಲ್ಲಿ ಬರೆದಾಗಿರುತ್ತದೆ. ಪ್ರತಿಯೊಬ್ಬರಿಗೂ ಕೂತು ಹೇಳಬೇಕಾಗಿಲ್ಲ. ನಿರಂತರ ಪ್ರಕ್ರಿಯೆಯಲ್ಲಿ ಮೀಟರ್ ನೋಡುವವರು ಕೆಲವೇ ಜನ, ಆದರೆ ಎಡವಟ್ಟಾದರೆ ಅದು ದೊಡ್ಡ ಎಡವಟ್ಟೇ. ಅದಕ್ಕೇ ಅಲ್ಲಿ ಕೆಲಸಗಾರರಿಗೆ ಹೋಲಿಸಿದರೆ ಅಧಿಕಾರಿಗಳ ಸಂಖ್ಯೆ ದೊಡ್ಡದು. ಆಡಳಿತದ ಹಂತಗಳೂ ಮೊದಲ ಗುಂಪಿನಲ್ಲಿ 3 ಇದ್ದರೆ ಇಲ್ಲಿ 6.

ಇದನ್ನು ಕಾರ್ಖಾನೆಯ ಹೊರಗೂ ಬಳಸಲು ನನಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಪೆರೋ 1967ರಲ್ಲಿ ಮುಂದಿಟ್ಟ ಎರಡು ಪ್ರಶ್ನೆಗಳೇ ಸಾಕೆನಿಸುತ್ತವೆ. ಈ ಕೆಲಸದಲ್ಲಿ ಮಾಮೂಲಿಗಿಂತ ಬೇರೆಯಾದದ್ದು ಎಷ್ಟು ಸಲ ಎದುರಾಗುತ್ತದೆ? ಎದುರಾದಾಗ ಉತ್ತರ ಹುಡುಕಲು ಗೊತ್ತಿರುವ ದಾರಿ ಇದೆಯಾ, ಇಲ್ಲಾ ಅನುಭವದ ಮೇಲೆ ಅಂದಾಜಿಸಬೇಕಾ? ಎರಡಕ್ಕೂ ಉತ್ತರ ಸಿಕ್ಕರೆ ನಿರ್ಧಾರ ಯಾರ ಕೈಯಲ್ಲಿರಬೇಕು ಅನ್ನುವುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ನಾನಿದ್ದ ಕಡೆ ತಗಡನ್ನು ಒತ್ತಿ ಪೀಸ್ ಮಾಡುವ ಪ್ರೆಸ್ ಶಾಪ್, ಅದರ ಅಚ್ಚುಗಳನ್ನು ಮಾಡಿ ರಿಪೇರಿ ಮಾಡುವ ಟೂಲ್ ರೂಮ್ ಎರಡೂ ಒಂದೇ ಛಾವಣಿಯ ಕೆಳಗೆ ಇದ್ದವು. ಪ್ರೆಸ್ ಶಾಪ್‌ನಲ್ಲಿ ಗಂಟೆಗೆ ಎಷ್ಟು ಪೀಸ್, ಯಂತ್ರ ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು ಎಂದು ಪ್ರತಿ ಶಿಫ್ಟ್‌ನಲ್ಲೂ ಬರೆಯುತ್ತಿದ್ದರು. ಆ ಹಾಳೆ ಬಂಗಾರ. ಮರುದಿನದ ಪ್ಲಾನ್ ಅದರ ಮೇಲೇ ನಿಲ್ಲುತ್ತಿತ್ತು. ಟೂಲ್ ರೂಮ್‌ಗೂ ಅದೇ ಹಾಳೆ ಬಂತು. ಅಲ್ಲಿನ ಕೆಲಸ ಹೇಗೆ ಗೊತ್ತಾ? ಒಂದು ಡೈ, ಅಂದರೆ ಅಚ್ಚು, ವಾಪಸ್ ಬರುತ್ತದೆ. ಕೆಲಸಗಾರ ಪ್ರೆಸ್ ಹತ್ತಿರ ಹೋಗಿ ಒಂದು ಪೀಸ್ ತೆಗೆದು ಅಂಚನ್ನು ಬೆರಳಲ್ಲಿ ಸವರುತ್ತಾನೆ. ಬರ್, ಅಂದರೆ ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು, ಒಂದೇ ಕಡೆ ಇದೆಯಾ, ಸುತ್ತಲೂ ಇದೆಯಾ ನೋಡುತ್ತಾನೆ. ಒಂದೇ ಕಡೆ ಇದ್ದರೆ ಪಂಚ್ (ಮೇಲಿಂದ ಒತ್ತುವ ಭಾಗ), ಡೈ ಒಂದಕ್ಕೊಂದು ಸರಿಯಾಗಿ ಕೂತಿಲ್ಲವೇನೋ. ಸುತ್ತಲೂ ಇದ್ದರೆ ಅಂಚು ಮೊಂಡಾಗಿರಬಹುದು. ಡಿಸೈನ್ ಮಾಡಿದವನ ಜೊತೆ ಐದು ನಿಮಿಷ ವಾದ. ಆಮೇಲೆ ಗ್ರೈಂಡಿಂಗ್. ಮತ್ತೆ ಟ್ರಯಲ್. ಇದಕ್ಕೆ ‘ನಿಗದಿತ ಸಮಯ’ ಏನು ಬರೆಯುವುದು? ಎಲ್ಲರೂ ವಾರದ ಕೊನೆಗೆ ಕೂತು ಸುಮ್ನೆ ಒಂದೇ ಅಂಕಿ ತುಂಬುತ್ತಿದ್ದರು. ಮೇಲಿನವರು ಅದರಿಂದ ಗ್ರಾಫ್ ತೆಗೆಯುತ್ತಿದ್ದರು.

ನಿಮ್ಮ ಡಿಸೈನ್ ವಿಭಾಗದಲ್ಲೂ ಇದೇ ಆಗುತ್ತದೆ. ಅಂಕಿ ಬರುತ್ತದೆ, ಮಾಹಿತಿ ಬರುವುದಿಲ್ಲ.

ಇದಕ್ಕಿಂತ ಕಠಿಣ ಉದಾಹರಣೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳದ್ದು. ಸಂಶೋಧಕರಾದ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ಅದರ ಬಗ್ಗೆ ಬರೆದರು. ಬ್ಯಾಮ್‌ಫೋರ್ತ್ ಸ್ವತಃ ಗಣಿಯಲ್ಲಿ ದುಡಿದವರು. ಮೊದಲು ಸಣ್ಣ ಸಣ್ಣ ಗುಂಪುಗಳು ಇಡೀ ಕೆಲಸವನ್ನು ತಾವೇ ಮಾಡುತ್ತಿದ್ದವು. ಯಂತ್ರ ಬಂದ ಮೇಲೆ ಆ ಕೆಲಸವನ್ನು ಮೂರು ಶಿಫ್ಟ್‌ಗೆ ಹಂಚಿದರು. ಒಂದು ಶಿಫ್ಟ್ ಕತ್ತರಿಸುವುದು, ಇನ್ನೊಂದು ಕನ್ವೇಯರ್ ಸರಿಸುವುದು, ಮತ್ತೊಂದು ತುಂಬುವುದು. ಕಾರ್ಖಾನೆಯ ತರ್ಕ ಅದು. ಆದರೆ ನೆಲದಡಿಯಲ್ಲಿ ಮೇಲ್ಛಾವಣಿ ಕುಸಿಯುತ್ತದೆ, ಕಲ್ಲಿದ್ದಲ ಪದರ ಬದಲಾಗುತ್ತದೆ. ಒಂದು ಶಿಫ್ಟ್ ಅರ್ಧಕ್ಕೆ ಬಿಟ್ಟ ಕೆಲಸ ಮುಂದಿನವರ ತಲೆಗೆ. ಶಿಫ್ಟ್‌ಗಳಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದು. ಗೈರುಹಾಜರಿ, ಒಬ್ಬರ ಮೇಲೊಬ್ಬರು ತಪ್ಪು ಹಾಕುವುದು ಬೆಳೆಯಿತು. ಯಂತ್ರದ ದೋಷ ಅಲ್ಲ ಅದು. ಅನಿಶ್ಚಿತ ಕೆಲಸಕ್ಕೆ ನಿಶ್ಚಿತ ಕೆಲಸದ ಅಂಗಿ ತೊಡಿಸಿದ್ದರು.

ಹಾಗಂತ ಎಲ್ಲವನ್ನೂ ಕೆಲಸದ ರೀತಿಯೇ ತೀರ್ಮಾನಿಸುತ್ತದೆ ಅಂತಲ್ಲ. 1969ರಲ್ಲಿ ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದ ತಂಡದ ಸಂಶೋಧಕರು ತೋರಿಸಿದ್ದು ಬೇರೆ: ಕೆಲಸದ ಹರಿವಿಗೆ ತಾಗಿಕೊಂಡಿರುವ ಭಾಗಗಳ ಮೇಲೆ ತಂತ್ರಜ್ಞಾನದ ಪ್ರಭಾವ ಇರುತ್ತದೆ, ದೂರ ಹೋದಂತೆ ಸಂಸ್ಥೆಯ ಗಾತ್ರವೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ನನ್ನ ಅನುಭವವೂ ಹಾಗೆಯೇ. ಸಂಬಳ, ರಜೆ, ಖರೀದಿಯ ಬಿಲ್ಲು ಇವಕ್ಕೆಲ್ಲ ಒಂದೇ ನಿಯಮ ಇರಲಿ ಬಿಡಿ. ಅಲ್ಲಿ ಪ್ರತಿ ವಿಭಾಗವೂ ‘ನಮ್ಮದು ಬೇರೆ’ ಅಂದರೆ ನಾನೂ ಒಪ್ಪುವುದಿಲ್ಲ.

ನಿಮ್ಮ ಮೂರು ವಿಭಾಗಕ್ಕೆ ಬಂದರೆ, ಉತ್ಪಾದನೆಗೆ ದಿನದ ರಿಪೋರ್ಟ್, ಲಿಖಿತ ನಿಯಮ, ಮೇಲಿನಿಂದ ಪ್ಲಾನ್ ಸರಿ. ಡಿಸೈನ್‌ಗೆ ಬೇಡ. ಅಲ್ಲಿ ವಾರಕ್ಕೊಮ್ಮೆ ಉತ್ಪಾದನೆಯವರನ್ನೂ ಕೂರಿಸಿ ಮಾತಾಡಿಸಿ, ಇಂತಿಷ್ಟು ಮೊತ್ತದೊಳಗಿನ ಬದಲಾವಣೆಯನ್ನು ತಂಡವೇ ನಿರ್ಧರಿಸಲಿ. ಗ್ರಾಹಕ ಸೇವೆಯೇ ನಿಜವಾದ ತಲೆನೋವು, ಯಾಕೆಂದರೆ ಅದು ಎರಡು ಕೆಲಸ. ಬಿಲ್ ಪ್ರತಿ ಕೊಡಿ, ವಿಳಾಸ ಬದಲಿಸಿ ಅನ್ನುವಂಥವು ನಿಯಮದಲ್ಲೇ ಮುಗಿಯುತ್ತವೆ. ‘ನಿಮ್ಮ ಯಂತ್ರ ಮಳೆಗಾಲದಲ್ಲಿ ಮಾತ್ರ ನಿಲ್ಲುತ್ತೆ’ ಅನ್ನುವ ಗ್ರಾಹಕನಿಗೆ ನಿಯಮದಲ್ಲಿ ಉತ್ತರ ಇಲ್ಲ. ಇಬ್ಬರನ್ನೂ ಒಂದೇ ಸರದಿಯಲ್ಲಿ ನಿಲ್ಲಿಸಿ, ಕರೆ ಎಷ್ಟು ಬೇಗ ಮುಗಿಯಿತು ಅಂತ ಅಳೆದರೆ ಎರಡನೆಯವನ ಫೋನ್ ಇಟ್ಟುಬಿಡುತ್ತಾರೆ. ಮೊದಲು ಹಿಂದಿನ ತಿಂಗಳ ದೂರುಗಳನ್ನು ಹರಡಿಕೊಂಡು ಯಾವುದು ಯಾವ ಬಗೆ ಎಂದು ಬೇರೆ ಮಾಡಿ. ಎರಡನೇ ಬಗೆಗೆ ಬೇರೆ ನಾಲ್ಕು ಜನರನ್ನು ಇಡಿ, ಅವರಿಗೆ ಡಿಸೈನ್‌ನವರ ನೇರ ನಂಬರ್ ಕೊಡಿ. ಈ ಒಂದೇ ಪದ್ಧತಿಗಾಗಿ ಹೊಸ ಸಾಫ್ಟ್‌ವೇರ್ ಕೊಳ್ಳುವುದಿದ್ದರೆ, ಸಹಿ ಹಾಕುವ ಮುಂಚೆಯೇ ಇದನ್ನು ಮಾಡಿ, ಆಮೇಲೆ ಮಾರಿದವರು ‘ಸಿಸ್ಟಂನಲ್ಲಿ ಅದಕ್ಕೆ ಅವಕಾಶ ಇಲ್ಲ’ ಅನ್ನುತ್ತಾರೆ.