ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಬದಲಿಸಬೇಕು: ಇಂಟೆಲ್ ಎಎಕ್ಸ್210 ಕೊಳ್ಳಲೇ, ಎಎಕ್ಸ್211 ಕೊಳ್ಳಲೇ?

ಎಎಕ್ಸ್210 ಕೊಳ್ಳಿ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ 211 ಮೇಲಿನದೆಂದು ಭಾವಿಸಿ ಕೈಸುಟ್ಟುಕೊಂಡವರು ಬಹಳ. ವೇಗದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡೂ ವೈಫೈ 6ಇ (6 ಗಿಗಾಹರ್ಟ್ಸ್ ತರಂಗಪಟ್ಟಿಯನ್ನೂ ಬಳಸುವ ವೈಫೈ ಪೀಳಿಗೆ) ಕಾರ್ಡ್‌ಗಳೇ.

ವ್ಯತ್ಯಾಸ ಇರುವುದು ಒಳಗೆ. 210 ಪೂರ್ಣ ಪ್ರಮಾಣದ ಕಾರ್ಡ್. ಅದು ಪಿಸಿಐಇ ಎಂಬ ಸಾಮಾನ್ಯ ದಾರಿಯಲ್ಲಿ ಮಾತನಾಡುವುದರಿಂದ ಎಎಂಡಿ ಪ್ರೊಸೆಸರ್ ಇರುವ ಯಂತ್ರದಲ್ಲೂ ನಡೆಯುತ್ತದೆ. 211 ಹೆಚ್ಚುಕಡಿಮೆ ಅರ್ಧ ಕಾರ್ಡ್: ರೇಡಿಯೊ ಭಾಗ ಮಾತ್ರ ಅದರಲ್ಲಿದೆ, ಉಳಿದ ಮುಖ್ಯ ಕೆಲಸವನ್ನು ಇಂಟೆಲ್‌ನ ಹೊಸ ಚಿಪ್‌ಸೆಟ್ (ಪ್ರೊಸೆಸರ್‌ಗೆ ಜೊತೆಯಾಗಿ ಯಂತ್ರದ ಉಳಿದ ಭಾಗಗಳನ್ನು ನಿಭಾಯಿಸುವ ಚಿಪ್) ಮಾಡುತ್ತದೆ. ಆ ಜೋಡಿ ಇಲ್ಲದ ಕಡೆ ಅದೇ ಸ್ಲಾಟ್‌ಗೆ ಸರಿಯಾಗಿ ಕೂತರೂ ಕಾರ್ಡ್ ಮಾತ್ರ ಏಳುವುದಿಲ್ಲ.

ಲಿನಕ್ಸ್ ಬಳಸುವವರಿಗೆ 210ರ ಚಾಲಕ ತಂತ್ರಾಂಶ ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) 5.10ನೇ ಆವೃತ್ತಿಯಿಂದಲೇ ಒಳಗಿದೆ.

ಕೊಳ್ಳುವ ಮೊದಲು ಹಿಂಬದಿ ಮುಚ್ಚಳ ತೆಗೆದು ನೋಡಿ. ಹಳೆಯ ಕಾರ್ಡ್ 22 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ಎಂ.2 (ಸ್ಲಾಟ್‌ಗೆ ಸಿಕ್ಕಿಸುವ ಚಿಕ್ಕ ಕಾರ್ಡ್‌ಗಳ) ಮಾದರಿಯದಾಗಿರಬೇಕು, ಬೋರ್ಡಿಗೆ ಬೆಸುಗೆ ಹಾಕಿದ್ದರೆ ಆಸೆ ಬಿಡಿ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್ (ಯಂತ್ರ ಶುರುವಾದಾಗ ಮೊದಲು ಓಡುವ ತಂತ್ರಾಂಶ) ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದೇ ಇಲ್ಲ. ಆಂಟೆನಾ ತಂತಿಗಳ ತುದಿಯ ಗುಂಡಿಗಳನ್ನು ನೇರವಾಗಿ ಒತ್ತಿ ಕೂರಿಸಿ. ಓರೆಯಾಗಿ ಒತ್ತಿದರೆ ಮುರಿಯುತ್ತವೆ.