ಹೊಸ ಲಸಿಕೆ, ಮನೆಯಲ್ಲಿ ಮೂರು ಅಭಿಪ್ರಾಯ

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ತುಂಬಿದೆ. ಗರ್ಭಕಂಠದ ಕ್ಯಾನ್ಸರ್ ಬರದಂತೆ ಎಚ್‌ಪಿವಿ ಲಸಿಕೆ ಹಾಕಿಸಿ ಎಂದು ಮಕ್ಕಳ ಡಾಕ್ಟರು ಹೇಳಿದ್ದಾರೆ. ನಮ್ಮ ದೇಶದ್ದೇ ಹೊಸ ಲಸಿಕೆ ಬಂದಿದೆಯಂತೆ. ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ ಎನ್ನುತ್ತಾರೆ ನಮ್ಮತ್ತೆ. ಆಂಧ್ರದಲ್ಲಿ ಇದರಿಂದ ಹುಡುಗಿಯರು ಸತ್ತರು ಎಂಬ ವಿಡಿಯೊ ಯಜಮಾನರ ವಾಟ್ಸ್‌ಆ್ಯಪ್‌ಗೆ ಬಂದಿದೆ. ಇನ್ನೊಂದೆರಡು ವರ್ಷ ಕಾದು ನೋಡೋಣ ಅನ್ನುತ್ತಾರೆ ಅವರು. ನನಗೆ 38 ವರ್ಷ, ಈ ಲಸಿಕೆ ಹಾಕಿಸಿಕೊಂಡಿಲ್ಲ. ಏನು ಮಾಡಲಿ?
– ಹೆಸರು ಬೇಡ, ತಿಪಟೂರು

ಉತ್ತರ: ಮೊದಲು ವಿಡಿಯೊ. ಯಾಕೆಂದರೆ ಅದು ಪೂರ್ತಿ ಸುಳ್ಳಲ್ಲ.

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಸುಮಾರು 24 ಸಾವಿರ ಹುಡುಗಿಯರಿಗೆ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸು) ಲಸಿಕೆ ಹಾಕಿದರು. ಆಗಿದ್ದದ್ದು ವಿದೇಶಿ ಕಂಪನಿಗಳ ಲಸಿಕೆ. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ ಏಳು ಹುಡುಗಿಯರು ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಕಾರ್ಯಕ್ರಮ ನಿಲ್ಲಿಸಿ ತನಿಖೆ ಮಾಡಿಸಿತು. ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು, ಒಬ್ಬಳಿಗೆ ಮಲೇರಿಯಾ, ಇಬ್ಬರು ಕೀಟನಾಶಕ ಕುಡಿದಿದ್ದರು. ಸಾವುಗಳಿಗೂ ಲಸಿಕೆಗೂ ಸಂಬಂಧವಿರುವ ಹಾಗೆ ಕಾಣುವುದಿಲ್ಲ ಎಂದಿತು ಸಮಿತಿ. ನಮ್ಮ ಹಳ್ಳಿಗಾಡಿನಲ್ಲಿ 24 ಸಾವಿರ ಹುಡುಗಿಯರನ್ನು ಒಂದಷ್ಟು ತಿಂಗಳು ಗಮನಿಸಿದರೆ, ಲಸಿಕೆ ಇರಲಿ ಬಿಡಲಿ, ಕೆಲವು ಸಾವು ಕಂಡೇ ಕಾಣುತ್ತವೆ. ಸಂಕಟದ ಮಾತು, ಆದರೆ ನಿಜ.

ಹಾಗಂತ ಅಲ್ಲಿ ಎಲ್ಲವೂ ಸರಿ ಇತ್ತು ಅನ್ನಲಾರೆ. ಹಾಸ್ಟೆಲಿನಲ್ಲಿದ್ದ ಬಡ, ಆದಿವಾಸಿ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ವಾರ್ಡನ್‌ಗಳು ಸಹಿ ಹಾಕಿದ್ದರು. ಎಷ್ಟೋ ಅಪ್ಪ ಅಮ್ಮಂದಿರಿಗೆ ವಿಷಯವೇ ಗೊತ್ತಿರಲಿಲ್ಲ. ಸಂಸದೀಯ ಸಮಿತಿ 2013ರಲ್ಲಿ ಇದನ್ನು ಖಡಕ್ಕಾಗಿ ಟೀಕಿಸಿತು, ಸರಿಯಾಗಿಯೇ. ನಿಮ್ಮನ್ನು ಕೇಳಿ, ನಿಮಗೆ ಯೋಚಿಸಲು ಸಮಯ ಕೊಟ್ಟಿದ್ದಾರಲ್ಲ, ಆ ಹುಡುಗಿಯರ ಮನೆಯವರಿಗೆ ಅದು ಸಿಗಲಿಲ್ಲ.

ಈ ಗಲಾಟೆಯಲ್ಲಿ ಇನ್ನೊಂದು ವಿಚಿತ್ರವೂ ನಡೆಯಿತು. ಅದೇ ಹೊತ್ತಿಗೆ ಪುಣೆ, ಬಾರ್ಶಿ ಮುಂತಾದ ಕಡೆ ಬೇರೊಂದು ಅಧ್ಯಯನ ನಡೆದಿತ್ತು. ಎರಡು ಡೋಸ್ ಸಾಕೋ, ಮೂರು ಬೇಕೋ ಎಂದು ನೋಡುವುದು ಅದರ ಉದ್ದೇಶ. ಸರ್ಕಾರದ ಆದೇಶದಿಂದ ಅದೂ ಅರ್ಧಕ್ಕೆ ನಿಂತಿತು. ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ವರ್ಷಗಟ್ಟಲೆ ಅವರನ್ನು ಗಮನಿಸಿದರೆ, ಒಂದು ಡೋಸೂ ಚೆನ್ನಾಗಿ ಕೆಲಸ ಮಾಡಿತ್ತು! 2022ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್‌ಗೂ ಒಪ್ಪಿತು. ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಇದೂ ಒಂದು. ಸದ್ಯಕ್ಕೆ ನಿಮ್ಮ ಡಾಕ್ಟರು ಆರು ತಿಂಗಳ ಅಂತರದಲ್ಲಿ ಎರಡು ಅಂದರೆ ಎರಡೇ ಹಾಕಿಸಿ.

ಇನ್ನು ‘ಹೊಸದು’ ಎಂಬ ಭಯ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್‌ಗೆ ಅನುಮತಿ ಸಿಕ್ಕಿದ್ದು 2022ರಲ್ಲಿ. ಹೆಸರು ಹೊಸದು, ವಿಧಾನ ಹಳೆಯದು. ಇದೇ ಬಗೆಯ ಲಸಿಕೆ 2006ರಿಂದ ಜಗತ್ತಿನಲ್ಲಿ ಬಳಕೆಯಲ್ಲಿದೆ. ಆದರೂ ನಿಮ್ಮವರ ಅನುಮಾನ ದಡ್ಡತನದ್ದಲ್ಲ. ಸರ್ವಾವ್ಯಾಕ್ ಪ್ರಯೋಗದಲ್ಲಿದ್ದವರು ಎರಡು ಸಾವಿರಕ್ಕೂ ಸ್ವಲ್ಪ ಜಾಸ್ತಿ ಜನ. ಅಷ್ಟರಲ್ಲಿ ಹತ್ತರಲ್ಲೊಬ್ಬರಿಗೆ ಆಗುವ ಜ್ವರ ಕಾಣುತ್ತದೆ, ಲಕ್ಷದಲ್ಲೊಬ್ಬರಿಗೆ ಆಗುವ ತೊಂದರೆ ಕಾಣುವುದಿಲ್ಲ. ಯಾವ ಲಸಿಕೆಗೂ ಈ ಮಾತು ಅನ್ವಯಿಸುತ್ತದೆ. ಅದಕ್ಕೇ ಬಳಕೆಗೆ ಬಂದ ಮೇಲೂ ಕಣ್ಣಿಡುವುದು. ಅಮೆರಿಕದಲ್ಲಿ 1998ರಲ್ಲಿ ರೋಟಾಶೀಲ್ಡ್ ಎಂಬ ಭೇದಿ ಲಸಿಕೆ ಬಂತು. ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತಿತ್ತು. ಮರುವರ್ಷವೇ ಗೊತ್ತಾಗಿ ಹಿಂತೆಗೆದುಕೊಂಡರು. ಎಚ್‌ಪಿವಿ ಲಸಿಕೆ ಕೋಟಿಗಟ್ಟಲೆ ಹುಡುಗಿಯರಿಗೆ ಹೋಗಿದೆ. ಅಂಥದ್ದೇನಾದರೂ ಇದ್ದಿದ್ದರೆ ಇಷ್ಟು ಹೊತ್ತಿಗೆ ಬಯಲಾಗುತ್ತಿತ್ತು.

ಸಿಕ್ಕಿರುವುದು ಇಷ್ಟು: ತೋಳು ನೋವು ಬಹುಪಾಲು ಎಲ್ಲರಿಗೂ, ಕೆಲವರಿಗೆ ಜ್ವರ, ತಲೆನೋವು. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸ್‌ಗೆ ಎರಡೋ ಮೂರೋ, ಅದಕ್ಕೂ ಮದ್ದಿದೆ. ಆಮೇಲೆ ತಲೆಸುತ್ತು. ನನ್ನ ಕ್ಲಿನಿಕ್ಕಿನಲ್ಲಿ ಹೆಚ್ಚು ತಾಪತ್ರಯ ಕೊಡುವುದು ಇದೇ. ಈ ವಯಸ್ಸಿನ ಹುಡುಗಿಯರು ಸೂಜಿ ನೋಡಿಯೇ ಬಿದ್ದುಬಿಡುತ್ತಾರೆ. ಒಬ್ಬಳು ಬಿದ್ದರೆ ಸಾಲಿನಲ್ಲಿದ್ದ ಅವಳ ಗೆಳತಿಯೂ ಬೀಳುತ್ತಾಳೆ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ಆದಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಲಿ. ಹಿಂದೆ ಯಾವುದಾದರೂ ಇಂಜೆಕ್ಷನ್‌ಗೆ ಅಲರ್ಜಿ ಆಗಿದ್ದರೆ, ಯೀಸ್ಟ್ ಆಗದಿದ್ದರೆ ಮೊದಲೇ ಹೇಳಿ. ಜೋರು ಜ್ವರವಿದ್ದರೆ ಮುಂದೂಡಿ.

ಅತ್ತೆಯವರಿಗೆ ಹೀಗೆ ಹೇಳಿ. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಕವಚ ಮಾತ್ರ, ಒಳಗೆ ಬೀಜವಿಲ್ಲ. ಕೊಬ್ಬರಿ ತೆಗೆದ ಚಿಪ್ಪಿನಿಂದ ಸಸಿ ಬರುವುದಿಲ್ಲ ಅಂತ ತಿಪಟೂರಿನವರಿಗೆ ನಾನು ಹೇಳಿಕೊಡಬೇಕೇ? ಬಂಜೆತನಕ್ಕೂ ಇದಕ್ಕೂ ನಂಟು ಸಿಕ್ಕಿಲ್ಲ. ಗರ್ಭಕೋಶ ಕಳೆದುಕೊಳ್ಳುವವರು ಈ ಕ್ಯಾನ್ಸರ್ ಬಂದವರು. ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಬರುತ್ತಿದೆ.

ಕಾದು ನೋಡುವ ಮಾತಿಗೆ ಜಪಾನ್ ಉದಾಹರಣೆ ಇದೆ. ಅಡ್ಡಪರಿಣಾಮದ ಸುದ್ದಿಗಳು ಹಬ್ಬಿ 2013ರಲ್ಲಿ ಅಲ್ಲಿನ ಸರ್ಕಾರ ಶಿಫಾರಸು ಮಾಡುವುದನ್ನೇ ನಿಲ್ಲಿಸಿತು. ಸುಮಾರು ಶೇ 70ರಷ್ಟು ಹುಡುಗಿಯರು ಹಾಕಿಸಿಕೊಳ್ಳುತ್ತಿದ್ದದ್ದು ಶೇ 1ಕ್ಕಿಂತ ಕೆಳಗಿಳಿಯಿತು. ನಗೊಯಾ ನಗರದಲ್ಲಿ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಿದರು. ಲಸಿಕೆಯೇ ಕಾರಣ ಅನ್ನುವ ಸಾಕ್ಷಿ ಸಿಗಲಿಲ್ಲ. 2022ರಲ್ಲಿ ಮತ್ತೆ ಶುರು ಮಾಡಿದರು. ನಡುವಿನ ಒಂಬತ್ತು ವರ್ಷಗಳಲ್ಲಿ ಎಷ್ಟೋ ಹುಡುಗಿಯರಿಗೆ ಸರಿಯಾದ ವಯಸ್ಸು ದಾಟಿಹೋಗಿತ್ತು. ಇತ್ತ ಸ್ಕಾಟ್‌ಲೆಂಡಿನಲ್ಲಿ 12–13ಕ್ಕೇ ಲಸಿಕೆ ಪಡೆದ ಮೊದಲ ತಂಡಗಳ ಹೆಂಗಸರಲ್ಲಿ ಈ ಕ್ಯಾನ್ಸರ್ ಒಂದೂ ಪತ್ತೆಯಾಗಿಲ್ಲ ಎಂದು 2024ರಲ್ಲಿ ವರದಿಯಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಈ ಬೇಸಿಗೆ ರಜೆಯಲ್ಲೇ ಹಾಕಿಸಿ.

ನಿಮಗೆ ಲಸಿಕೆಗಿಂತ ಪರೀಕ್ಷೆ ಮುಖ್ಯ. ಗರ್ಭಕಂಠ ಎಂದಾದರೂ ತೋರಿಸಿದ್ದೀರಾ? ಮೂವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ತಪಾಸಣೆಯ ಕಾರ್ಯಕ್ರಮವಿದೆ. ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅತ್ತೆಗೆ ಅರವತ್ತೈದು ದಾಟಿರದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.